ಲೇಬಲ್ಲಿನ ಎಲೆ

ಐದು ದಿನಕ್ಕೊಮ್ಮೆ ನಳ ಬರುವ ಸೊಲ್ಲಾಪುರದ ಓಣಿಯಲ್ಲಿ
ಗಿಡ ಸಾಕುವುದೆಂದರೆ
ಮೊದಲು ಕೊಡಗಳ ಲೆಕ್ಕ.
ಕುಡಿಯಲು, ಅಡಿಗೆಗೆ ಎಂಟು,
ಬಳಸಲು ಹನ್ನೊಂದು,
ಅರ್ಧ ಕೊಡ, ಅದೂ ಅಕ್ಕಿ ತೊಳೆದದ್ದು,
ಅಂಗಳದ ಮೂಲೆಯ ಲಾರೆಲ್‌ಗೆ.

ಮೊದಲಿನದನ್ನು ನಾನೇ ಕೊಂದೆ.
ಬಿಸಿಲು ನಲವತ್ತಮೂರು, ಪಾಪ, ಎಂದು
ನನ್ನ ಜಳಕ ಬಿಟ್ಟು ದಿನಾ ಸಂಜೆ ಎರೆದೆ.
ನಮ್ಮ ಎರೆಮಣ್ಣು ನೀರನ್ನು
ಒತ್ತೆ ಇಟ್ಟ ಬಂಗಾರದ ಹಾಗೆ ಹಿಡಿದುಕೊಂಡೀತೇ ಹೊರತು ಬಿಡದು.
ಎಲೆ ಹಳದಿಯಾಯಿತು. ಇನ್ನೂ ಎರೆದೆ.
ಕಿತ್ತು ನೋಡಿದರೆ ಬೇರು
ಬಣ್ಣದ ಹೌದಿನಲ್ಲಿ ಮರೆತ ನೂಲು,
ಕಪ್ಪಗೆ, ಕೈಗೇ ಬಂತು.

ನರ್ಸರಿಯ ಘೋಡಕೆ ನಕ್ಕ:
"ಈರಾಬಾಯಿ, ಇದು ಒಣ ನಾಡಿನ ಕೂಸು.
ಎರಡು ಬುಟ್ಟಿ ಮುರುಮು ಕಲಸ್ರಿ ಮಣ್ಣಿಗೆ.
ಬೆರಳು ಇಳಿಸಿ ನೋಡ್ರಿ,
ಎರಡು ಗೆಣ್ಣಿನ ತನಕ ಒಣಗಿದ್ರ ಅಷ್ಟ ನೀರು.
ಕೊಟ್ಟಾಗ ತಳಮುಟ ಕೊಡ್ರಿ,
ಆಮ್ಯಾಲ ಮರತುಬಿಡ್ರಿ."

ಮರೆಯುವುದು ನನಗೆ ಬರುವುದಿಲ್ಲ.
ಗಿಡದ ಪಕ್ಕ ಒಂದು ಮಡಿಕೆ ಹುಗಿದೆ, ಕುತ್ತಿಗೆ ಮಾತ್ರ ಮೇಲೆ,
ಮುಚ್ಚಲು ಸೊಟ್ಟಾದ ಸ್ಟೀಲ್ ತಾಟು.
ಬುಡಕ್ಕೆ ಶೇಂಗಾ ಸಿಪ್ಪೆ, ನಾಲ್ಕು ಬೆರಳು ದಪ್ಪ.
ಮಡಿಕೆ ತನ್ನ ಪಾಡಿಗೆ ಬೆವರುತ್ತ ಕೂತಿತು.
ಮೊದಲ ವರ್ಷ ನಾಲ್ಕು ಎಲೆ.
ಎರಡನೆಯ ವರ್ಷ ಮೊಣಕಾಲು.
ಓಣಿಯ ಬೇವೂ ಬೋಳಾದ ಮಾರ್ಚಿನಲ್ಲಿ
ಇದೊಂದು ಹಸಿರು ಇಳಿಸಲಿಲ್ಲ.

ಬೀಡಿ ಕಟ್ಟುವ ಲಚ್ಚಮ್ಮ ಒಂದೆಲೆ ಸುತ್ತಿ ನೋಡಿದಳು.
ಟಕ್ಕನೆ ಮುರಿಯಿತು.
"ಗಟ್ಟಿ ಐತಿ, ಬಾಗಂಗಿಲ್ಲ," ಅಂದಳು, ಬೇಸರದಿಂದಲೋ ಮೆಚ್ಚಿಯೋ.
ಖುರ್ಶಿದಾಬಿ ಮೂಸಿದಳು, ಬೆಳಕಿಗೆ ಹಿಡಿದಳು:
"ನಮ್ಮ ತಮಾಲಪತ್ರಕ್ಕ ಮೂರು ಗೆರಿ, ಇದಕ್ಕ ಒಂದ.
ಇರಲಿ, ಬಿರ್ಯಾನಿಗೆ ಎರಡು ಕೊಡು."
ಮೂರು ಕಿತ್ತುಕೊಂಡು ಹೋದಳು.

ಈ ಮೇ ತಿಂಗಳು ಅಂಚು ಸುಟ್ಟವು.
ಮಧ್ಯಾಹ್ನದ ನೆರಳಿಗೆಂದು
ಟ್ರಂಕಿನ ತಳದ ಚಾದರ ತೆಗೆದು
ಎರಡು ಗೂಟಕ್ಕೆ ಕಟ್ಟಿದೆ.
ಮಿಲ್ಲು ಮುಚ್ಚಿದ ಮಂಗಳವಾರ
ಬಾಕಿ ಪಗಾರದ ಬದಲು ಕೊಟ್ಟದ್ದು, ಹೊದೆಯಲು ಮನಸ್ಸಾಗಿರಲಿಲ್ಲ.
ಗಾಳಿಗೆ ಮೂಲೆ ಮಡಚಿತು,
ಲೇಬಲ್ಲು ಗಿಡಕ್ಕೆ ತಾಗಿ ನಿಂತಿತು.

ಇಪ್ಪತ್ತಾರು ವರ್ಷ ನಾನು ಹೊಲಿದ ಲೇಬಲ್ಲು,
ದಿನಕ್ಕೆ ಆರು ನೂರು.
ಆಚೆಗೊಂದು ಈಚೆಗೊಂದು ಬಾಗಿದ ಟೊಂಗೆ,
ನಡುವೆ ಬಂಗಾರದ ಅಕ್ಷರ: ಪಹಿಲಾ ನಂಬರ್.
ಅದು ಭತ್ತದ ತೆನೆ ಅಂತಿದ್ದ ಮುಕಾದಮ ಮಡಿವಾಳಪ್ಪ.
ಮಾವು ಅಂತಿದ್ದಳು ಲಚ್ಚಮ್ಮನ ಅಕ್ಕ.
ಊಟದ ಬಿಡುವಿನಲ್ಲಿ ಇದಕ್ಕೇ ಜಗಳಾಡಿದ್ದೆವು,
ಬೇರೆ ಜಗಳಕ್ಕೆ ಮಾಲಕರು ಕಿವಿ ಕೊಡುತ್ತಿರಲಿಲ್ಲ.

ಎಲೆಯ ಮೇಲೆ ಎಲೆ ಇಟ್ಟೆ.
ಅದೇ ತುದಿ. ಅದೇ ಒಂಟಿ ಗೆರೆ.
ಅಲೆಯಲೆಯಾದ ಅದೇ ಅಂಚು,
ದಾರದಲ್ಲಿ ತಿರುಗಿಸುವಾಗ ಬೆರಳಿಗೆ ಸೂಜಿ ತಗಲುತ್ತಿದ್ದದ್ದು ಅಲ್ಲೇ.

"ಗೆದ್ದವರ ತಲೆಗೆ ಇದನ್ನ ಸುತ್ತತಿದ್ರಂತ, ಆಯಿ,"
ಲಚ್ಚಮ್ಮನ ಮೊಮ್ಮಗ ಪುಸ್ತಕ ನೋಡಿ ಹೇಳಿದ.
"ಯಾವುದರಾಗ ಗೆದ್ದವರಿಗೆ?"
ಅವ ಪುಟ ತಿರುವಿದ. ಓಟ, ಕುಸ್ತಿ, ಯುದ್ಧ.
ಲಚ್ಚಮ್ಮ ಬಗ್ಗಿ ಚಿತ್ರ ನೋಡಿದಳು:
"ಇಷ್ಟು ಎಲಿ ಕಿತ್ತರ ಗಿಡ ಉಳೀತಿತ್ತೇನು?"

ಇವತ್ತು ನಳ ಬಂತು, ನಸುಕಿನ ಮೂರೂವರೆಗೆ.
ಎಂಟು ತುಂಬಿದೆ, ಹನ್ನೊಂದು ತುಂಬಿದೆ.
ಅಕ್ಕಿ ತೊಳೆದ ನೀರು ಹಿಡಿದು ಮೂಲೆಗೆ ಹೋದೆ,
ಸಿಪ್ಪೆ ಸರಿಸಿದೆ,
ಸೂಜಿ ಹಾದ ಕಲೆಯ ಬೆರಳನ್ನು
ಒಂದು ಗೆಣ್ಣು, ಎರಡು ಗೆಣ್ಣು ಇಳಿಸಿದೆ.

ಒಳಗೆ ಇನ್ನೂ ತಂಪಿತ್ತು.
ಕೊಡ ಎತ್ತಿಕೊಂಡು ವಾಪಸು ಬಂದೆ.